ಕೆರೆಯ ಸುತ್ತ ನಾಲ್ಕು ಹೆಜ್ಜೆ

2024ರ ಬೇಸಿಗೆಯನ್ನು ಬೆಂಗಳೂರಿನವರು ಅಷ್ಟು ಸುಲಭವಾಗಿ ಮರೆಯಲಾರರು. ಬೋರ್‌ವೆಲ್‌ಗಳು ಒಣಗಿ, ಬೀದಿ ಬೀದಿಯಲ್ಲಿ ಟ್ಯಾಂಕರ್ ನೀರಿಗೆ ಕಾಯುವ ಕಾಲ. ನಮ್ಮ ಮನೆಯಲ್ಲೂ ಅಕ್ಕಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಒಗೆದ ನೀರು ಬಚ್ಚಲಿಗೆ ಎಂಬ ಕಾನೂನು ಜಾರಿಯಾಗಿತ್ತು. ಅಂಥ ಒಂದು ದಿನ ಸೇಲಂನಿಂದ ಹಳೆಯ ಗೆಳೆಯನ ಫೋನು ಬಂತು. “ಮೆಟ್ಟೂರಿನಲ್ಲಿ ನೀರು ಇಳಿದುಬಿಟ್ಟಿದೆ ಕಣಯ್ಯಾ. ಮುಳುಗಿದ್ದ ಚರ್ಚು ಪೂರ್ತಿ ಹೊರಗೆ ಬಂದಿದೆ. ಮಳೆ ಹಿಡಿಯುವುದರೊಳಗೆ ಬಂದು ನೋಡಿಕೊಂಡು ಹೋಗಿ. ಎರಡು ದಿನ ಏರ್ಕಾಡಿನಲ್ಲಿ ತಣ್ಣಗೆ ಇರೋಣ.”

ನಾವು ನಾಲ್ವರು ಒಂದು ಕಾಲದಲ್ಲಿ ಬೆಂಗಳೂರಿನ ಒಂದೇ ಧರ್ಮಕೇಂದ್ರದ ಗಾನವೃಂದದಲ್ಲಿ ಹಾಡುತ್ತಿದ್ದವರು. ಒಬ್ಬರು ಮೇಷ್ಟ್ರು, ಈಗ ನಿವೃತ್ತರು. ಇನ್ನೊಬ್ಬ ಬಿಟಿಎಸ್ ಕಾಲದ ಕಂಡಕ್ಟರ್. ಸೇಲಂನವನು ಟೈಲರ್. ನಾಲ್ಕನೆಯವನು ನಾನು. ಎಲ್ಲರಿಗೂ ಅರವತ್ತು ದಾಟಿದೆ. ಮೇ ಮೊದಲ ವಾರ ಮೂವರೂ ರೈಲು ಹತ್ತಿದೆವು. “ಮಂಡಿನೋವು ಇಟ್ಟುಕೊಂಡು ಬೆಟ್ಟ ಹತ್ತೋಕೆ ಹೊರಟ್ರಾ?” ಎಂದು ನಮ್ಮ ಮನೆಯವರು ನಕ್ಕರು. ಆದರೂ ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟರು.

ಹೊಸೂರು ದಾಟಿದ ಮೇಲೆ ಮೇಷ್ಟ್ರ ಪಾಠ ಶುರುವಾಯಿತು. ಧರ್ಮಪುರಿಯ ಹಳೆಯ ಹೆಸರು ತಗಡೂರು. ನೊಳಂಬರ ಕಾಲದ ಕನ್ನಡ ಶಾಸನಗಳು ಅಲ್ಲಿ ಸಿಕ್ಕಿವೆ. ಅದಕ್ಕೂ ಹಿಂದೆ ತಗಡೂರನ್ನು ಆಳಿದ ಅದಿಯಮಾನ್ ಎಂಬ ದೊರೆಗೆ ಒಂದು ಅಪರೂಪದ ನೆಲ್ಲಿಕಾಯಿ ಸಿಕ್ಕಿತಂತೆ. ತಿಂದವರಿಗೆ ದೀರ್ಘಾಯುಷ್ಯ. ಅದನ್ನು ಆತ ತಾನು ತಿನ್ನದೆ ಔವೈಯಾರ್ ಎಂಬ ಕವಯಿತ್ರಿಗೆ ಕೊಟ್ಟುಬಿಟ್ಟನಂತೆ. “ನಮ್ಮ ಕಾಲದಲ್ಲಾದರೆ ಮೊದಲು ಫೋಟೋ ತೆಗೆಸಿಕೊಳ್ಳುತ್ತಿದ್ದ” ಎಂದ ಕಂಡಕ್ಟರ್. ಈ ಸೀಮೆಯೆಲ್ಲ ಬಾರಾಮಹಲ್ ಎಂಬ ಹೆಸರಿನಲ್ಲಿ ಟಿಪ್ಪುವಿನ ಕೈಲಿತ್ತು, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಇಂಗ್ಲಿಷರ ಪಾಲಾಯಿತು ಎಂದರು ಮೇಷ್ಟ್ರು. ಹೊಗೇನಕಲ್ ಈಗ ಧರ್ಮಪುರಿ ಜಿಲ್ಲೆಯಲ್ಲಿದ್ದರೂ ಹೆಸರಿನಲ್ಲಿರುವುದು ನಮ್ಮ ಹೊಗೆಯೂ ಕಲ್ಲೂ ಅಲ್ಲವೆ! ಗಡಿ ಎಂಬುದು ನಕ್ಷೆಯಲ್ಲಿ ಮಾತ್ರ ಗೆರೆಯಂತೆ ಕಾಣುತ್ತದೆ. ಜನರ ಬಾಯಿಯಲ್ಲಿ ಅದು ಹತ್ತಾರು ಮೈಲಿ ಅಗಲವಾಗಿರುತ್ತದೆ.

ಸೇಲಂನಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟಿತ್ತು. ಟೈಲರ್ ಸ್ಟೇಷನ್ನಿಗೆ ಬಂದಿದ್ದ. ಕೂದಲು ಪೂರ್ತಿ ಬಿಳಿ, ಕೊರಳಲ್ಲಿ ಅಭ್ಯಾಸಬಲದಿಂದ ಅಳತೆ ಟೇಪು! ಅಲ್ಲಿಂದ ಏರ್ಕಾಡಿಗೆ ಸುಮಾರು 30 ಕಿಲೋಮೀಟರ್, ಇಪ್ಪತ್ತು ಹೇರ್‌ಪಿನ್ ತಿರುವು. ಹತ್ತನೆಯ ತಿರುವಿನ ಹೊತ್ತಿಗೆ ಬಸ್ಸಿನ ಕಿಟಕಿಯಿಂದ ತಂಗಾಳಿ ಬಂತು. ಆ ದಿನಗಳಲ್ಲೇ ಊಟಿ, ಕೊಡೈಕನಾಲ್‌ಗಳಿಗೆ ಇ-ಪಾಸ್ ಬೇಕೆಂದು ಕೋರ್ಟು ಹೇಳಿತ್ತು. ಏರ್ಕಾಡಿಗೆ ಆ ಗೋಜು ಇರಲಿಲ್ಲ. ಅದನ್ನು ಬಡವರ ಊಟಿ ಎನ್ನುವುದು ಸುಮ್ಮನೆ ಅಲ್ಲ.

ಮಾರನೆಯ ಬೆಳಿಗ್ಗೆ ಕಾಫಿ ಕುಡಿದು ಕೆರೆಯ ಸುತ್ತ ನಡೆಯಲು ಹೊರಟೆವು. ಏರ್ಕಾಡಿನ ಹೆಸರೇ ಆ ಕೆರೆಯಿಂದ ಬಂದದ್ದು. ನಮಗೆ ಏರಿ ಎಂದರೆ ಕೆರೆಯ ಕಟ್ಟೆ, ತಮಿಳರಿಗೆ ಏರಿ ಎಂದರೆ ಕೆರೆಯೇ. ಕಾಡು ಮಾತ್ರ ಇಬ್ಬರಿಗೂ ಕಾಡೇ. “ನೋಡ್ರಪ್ಪಾ, ನೀವು ದಂಡೆ ಹಿಡಿದುಕೊಂಡಿರಿ, ನಾವು ನೀರು ಹಿಡಿದುಕೊಂಡೆವು” ಎಂದು ಟೈಲರ್ ನಕ್ಕ. ನಾವೂ ನಕ್ಕೆವು. ಆದರೆ ನನ್ನ ನಗು ಸ್ವಲ್ಪ ತಡವಾಗಿ ಬಂತು.

ಕಂಡಕ್ಟರ್‌ಗೆ ಮಂಡಿನೋವು. ಹಾಗಾಗಿ ಒಂದು ನಿಯಮ ಮಾಡಿಕೊಂಡೆವು. ಯಾರೂ ಮುಂದೆ ಹೋಗುವಂತಿಲ್ಲ. ಎಲ್ಲರಿಗಿಂತ ನಿಧಾನದವನ ಹೆಜ್ಜೆಯೇ ಎಲ್ಲರ ಹೆಜ್ಜೆ. ಅವನು ನಿಂತಲ್ಲಿ ಎಲ್ಲರೂ ನಿಲ್ಲಬೇಕು, “ರೈಟ್ ರೈಟ್” ಎಂದಾಗ ಹೊರಡಬೇಕು. ಹೀಗೆ ನಡೆದರೆ ಏನೇನು ಕಾಣುತ್ತದೆ ಗೊತ್ತೆ ಓದುಗರೇ? ನೀರಿನ ಮೇಲೆ ಮಂಜು ಎದ್ದು ಚದುರುವುದು ಕಂಡಿತು. ಎತ್ತರದ ಸಿಲ್ವರ್ ಓಕ್ ಮರಗಳಿಗೆ ಸುತ್ತಿಕೊಂಡ ಮೆಣಸಿನ ಬಳ್ಳಿ, ಅವುಗಳ ಕೆಳಗೆ ನೆರಳಿನಲ್ಲಿ ಕಾಫಿ ಗಿಡ. ದೋಣಿಮನೆಯ ಹತ್ತಿರ ಕಾಯಿಸದ ಎಣ್ಣೆಯ ಬಾಣಲೆ ಮುಂದಿಟ್ಟುಕೊಂಡು ಬಜ್ಜಿಗೆ ಮೆಣಸಿನಕಾಯಿ ಸೀಳುತ್ತಿದ್ದ ಹೆಂಗಸು. ಹಲಸಿನ ತೊಳೆಯ ವಾಸನೆ.

ಬೆಟ್ಟಕ್ಕೆ ಕಾಫಿ ತಂದವರು 1820ರ ದಶಕದಲ್ಲಿ ಸೇಲಂನ ಕಲೆಕ್ಟರ್ ಆಗಿದ್ದ ಕಾಕ್‌ಬರ್ನ್. ಆಮೇಲೆ ಕಾನ್ವೆಂಟ್ ಬಂತು, ಶಾಲೆಗಳು ಬಂದವು. ಸೇಕ್ರೆಡ್ ಹಾರ್ಟ್ 1894ರದು, ಮಾಂಟ್‌ಫೋರ್ಟ್ 1917ರದು. ಇವೆಲ್ಲಕ್ಕೂ ಮೊದಲಿನಿಂದ ಇಲ್ಲಿರುವವರು ಮಲೆಯಾಳಿಗಳು. ಕೇರಳದವರಲ್ಲ, ಮಲೆಯನ್ನು ಆಳಿದವರು, ಮಲೆಯಲ್ಲಿ ಬಾಳುವವರು. ಮಾತು ತಮಿಳು. ಸೇರ್ವರಾಯನ್ ಬೆಟ್ಟದ ಮೇಲೆ, 5,326 ಅಡಿ ಎತ್ತರದಲ್ಲಿ, ಗುಹೆಯಂಥ ಚಿಕ್ಕ ಗುಡಿಯಿದೆ. ಅಲ್ಲಿ ಸೇರ್ವರಾಯನ್ ಜೊತೆಗೆ ಇರುವ ಅಮ್ಮನ ಹೆಸರೇನು ಗೊತ್ತೆ? ಕಾವೇರಿ ಅಮ್ಮ! ಸಂಜೆ ಜೀಪಿನಲ್ಲಿ ಅಲ್ಲಿಗೆ ಹೋದೆವು. “ಇಲ್ಲೂ ಇವಳೇನಾ?” ಎಂದು ಕಂಡಕ್ಟರ್ ಉದ್ಗಾರ ತೆಗೆದ. ಯಾರೂ ಏನೂ ಹೇಳಲಿಲ್ಲ. ನಮ್ಮ ನಡುವೆ ಆ ಹೆಸರು ಬಂದಾಗಲೆಲ್ಲ ಹಾಗೇ. ಮಾತು ಒಂದು ಕ್ಷಣ ನಿಂತುಬಿಡುತ್ತದೆ.

ಏಕೆಂದು ಹೇಳಬೇಕು.

1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ಮಧ್ಯಂತರ ತೀರ್ಪು ಕೊಟ್ಟಿತು. ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂದು. ಡಿಸೆಂಬರ್‌ನಲ್ಲಿ ಅದು ಗೆಜೆಟ್‌ನಲ್ಲಿ ಪ್ರಕಟವಾದಾಗ ಬೆಂಗಳೂರಿನಲ್ಲಿ ಗಲಭೆ ಎದ್ದಿತು. ತಮಿಳರ ಅಂಗಡಿ, ಮನೆಗಳು ಸುಟ್ಟವು. ಪ್ರಾಣಗಳೂ ಹೋದವು. ಸಾವಿರಾರು ಜನ ಗಂಟುಮೂಟೆ ಕಟ್ಟಿ ಹೊಸೂರು ದಾರಿ ಹಿಡಿದರು. ಅತ್ತ ತಮಿಳುನಾಡಿನ ಕೆಲವೆಡೆ ಕನ್ನಡಿಗರ ಮೇಲೂ ಕೈ ಎತ್ತಿದರು. ಎರಡೂ ಕಡೆ ಪೆಟ್ಟು ತಿಂದವರು ತೀರ್ಪು ಬರೆದವರಲ್ಲ, ನೀರು ಬಿಟ್ಟವರೂ ಅಲ್ಲ.

ನಮ್ಮ ಟೈಲರ್ ಹುಟ್ಟಿದ್ದು, ಬೆಳೆದದ್ದು, ಜ್ಞಾನಸ್ನಾನ ಪಡೆದದ್ದು ಬೆಂಗಳೂರಿನಲ್ಲಿ. ಮನೆಮಾತು ತಮಿಳು, ಬೀದಿಮಾತು ಕನ್ನಡ. ಡಿಸೆಂಬರ್ ಅಂದರೆ ಅವನಿಗೆ ಉಸಿರಾಡಲು ಬಿಡುವಿಲ್ಲದ ತಿಂಗಳು. ಬೀದಿಯ ಮಕ್ಕಳ ಕ್ರಿಸ್ಮಸ್ ಬಟ್ಟೆಯೆಲ್ಲ ಅವನ ಅಂಗಡಿಯಲ್ಲೇ. ನನ್ನ ಮಗಳ ಬಿಳಿ ಫ್ರಾಕೂ ಅಲ್ಲೇ ಇತ್ತು. ಆಗ ಅವಳಿಗೆ ನಾಲ್ಕು ವರ್ಷ. ಗಲಭೆಯ ರಾತ್ರಿ ಅವನು ಹಿತ್ತಲ ಬಾಗಿಲು ತಟ್ಟಿದ. “ಅಂಗಡಿ ಬಾಗಿಲು ಒಡೆಯುತ್ತಾರೆ ಅಂತ ಸುದ್ದಿ. ಮಿಷನ್ ಒಂದನ್ನ ಎರಡು ದಿನ ನಿನ್ನ ಮನೆಯಲ್ಲಿ ಇಟ್ಟುಕೊಳ್ಳಯ್ಯಾ, ಸಾಕು” ಎಂದ.

ನಮ್ಮದು ಬಾಡಿಗೆ ಮನೆ. ಅಮ್ಮನಿಗೆ ರಕ್ತದೊತ್ತಡ, ಮಗು ಚಿಕ್ಕದು. ಯಾರಾದರೂ ನೋಡಿದರೆ? ಓನರ್ ಏನೆನ್ನುತ್ತಾರೋ? ನಾನು “ಜಾಗ ಇಲ್ಲ ಕಣಯ್ಯಾ” ಎಂದೆ.

ಜಾಗ ಇತ್ತು. ಕಿಟಕಿಯ ಪಕ್ಕದಲ್ಲಿ ಕ್ರಿಸ್ಮಸ್ ಗೋದಲಿಗೆಂದು ಖಾಲಿ ಮಾಡಿಟ್ಟಿದ್ದ ಮೂಲೆ. ಒಂದು ಹೊಲಿಗೆ ಮಿಷನ್ನಿಗೆ ಸರಿಯಾಗಿ ಆಗುವಷ್ಟೇ ಜಾಗ. ಬೆತ್ಲೆಹೇಮಿನ ಛತ್ರದಲ್ಲಿ ಜಾಗ ಇಲ್ಲ ಎಂದವನ ಮೇಲೆ ಪ್ರತಿ ವರ್ಷ ನಾಟಕದಲ್ಲಿ ಸಿಟ್ಟು ಮಾಡಿಕೊಳ್ಳುತ್ತಿದ್ದ ನಾನೇ ಆ ಮಾತು ಹೇಳಿದ್ದೆ.

ಅವನು ಮತ್ತೊಂದು ಮಾತಾಡದೆ ಹೋದ. ಕರ್ಫ್ಯೂ ಸಡಿಲವಾದ ಮೇಲೆ ಹೆಂಡತಿಯ ತವರು ಸೇಲಂಗೆ ಹೊರಟುಹೋದನೆಂದು ತಿಳಿಯಿತು. ಬಸ್ ಸ್ಟ್ಯಾಂಡಿಗೆ ನಾನು ಹೋಗಲಿಲ್ಲ. ಡಿಸೆಂಬರ್ 23ರಂದು ಬೀದಿಯ ಹೂವಿನಜ್ಜಿ ಒಂದು ಕಾಗದದ ಪೊಟ್ಟಣ ತಂದುಕೊಟ್ಟಳು. ಒಳಗೆ ಬಿಳಿ ಫ್ರಾಕು, ಕುತ್ತಿಗೆಗೆ ಲೇಸು. ಗಲಭೆಗೆ ಮೊದಲೇ ಹೊಲಿದು ಮುಗಿಸಿದ್ದ ಎಂದುಕೊಂಡೆ. ಮಗಳು ಅದನ್ನೇ ತೊಟ್ಟು ನಡುರಾತ್ರಿಯ ಪೂಜೆಗೆ ಬಂದಳು. ಗಾನವೃಂದದಲ್ಲಿ ಅವನ ದಪ್ಪ ಧ್ವನಿ ಇರುತ್ತಿದ್ದ ಕಡೆ ಬರೀ ಖಾಲಿ. ಹೊಲಿಗೆಯ ಕೂಲಿ 35 ರೂಪಾಯಿ ನನ್ನಲ್ಲೇ ಉಳಿಯಿತು.

2009ರಲ್ಲಿ ಕಂಡಕ್ಟರ್ ಮಗಳ ಮದುವೆಗೆ ಅವನು ಬಂದ. ಏನೂ ಆಗಿಲ್ಲವೆಂಬಂತೆ ತಬ್ಬಿಕೊಂಡ. ಅಂದಿನಿಂದ ಕ್ರಿಸ್ಮಸ್‌ಗೆ, ಪಾಸ್ಕಕ್ಕೆ ಫೋನು. ಆದರೆ ಆ ರಾತ್ರಿಯ ಮಾತು ಮಾತ್ರ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಧ್ಯೆ 2016ರ ಸೆಪ್ಟೆಂಬರಿನಲ್ಲಿ ಮತ್ತೆ ಬಸ್ಸು, ಲಾರಿಗಳು ಉರಿದವು. 2023ರ ಸೆಪ್ಟೆಂಬರಿನಲ್ಲಿ ಮತ್ತೆ ಬಂದ್ ಆಯಿತು. ಒಂದೊಂದು ಸಲವೂ ನಾನು ಫೋನು ಕೈಗೆತ್ತಿಕೊಂಡು ಕೆಳಗಿಟ್ಟಿದ್ದೇನೆ.

ಮೂರನೆಯ ದಿನ ಬೆಟ್ಟ ಇಳಿದು ಕಾರಿನಲ್ಲಿ ಮೆಟ್ಟೂರಿಗೆ ಹೋದೆವು. ಮೈಸೂರಿಗೂ ಮದ್ರಾಸಿಗೂ 1924ರಲ್ಲಿ ಒಪ್ಪಂದವಾಗಿ, ನಾವು ಕೃಷ್ಣರಾಜಸಾಗರ ಪೂರೈಸಿಕೊಂಡೆವು, ಅವರು ಮೆಟ್ಟೂರು ಕಟ್ಟಿದರು. 1925ರಲ್ಲಿ ಕೆಲಸ ಶುರುವಾಗಿ 1934ರಲ್ಲಿ ಮುಗಿಯಿತು. ಆಗಿನ ಮದ್ರಾಸ್ ಗವರ್ನರ್ ಹೆಸರಿನಲ್ಲಿ ಜಲಾಶಯಕ್ಕೆ ಸ್ಟಾನ್ಲಿ ಎಂದು ಹೆಸರು. ನಮ್ಮ ಮಕ್ಕಳಿಗೆ 124.80 ಅಡಿ ಎಂಬ ಕನ್ನಂಬಾಡಿಯ ಲೆಕ್ಕ ಬಾಯಿಪಾಠವಿರುವಂತೆ ಅಲ್ಲಿನ ಮಕ್ಕಳಿಗೆ 120 ಅಡಿ ಎಂಬುದು ಬಾಯಿಪಾಠ. ಕನ್ನಂಬಾಡಿ ತುಂಬಿದರೆ ಸುಮಾರು 49 ಟಿಎಂಸಿ, ಮೆಟ್ಟೂರು ತುಂಬಿದರೆ 93.47. ಆದರೆ ನಾವು ಹೋದಾಗ ಅಲ್ಲಿ ನೀರು 50 ಅಡಿಯ ಆಸುಪಾಸಿನಲ್ಲಿತ್ತು.

ಕೊಳತ್ತೂರಿನ ಕಡೆಯಿಂದ ಪಣ್ಣವಾಡಿಗೆ ಬಂದೆವು. ನೀರಿರುವ ಕಾಲದಲ್ಲಿ ಇಲ್ಲಿಂದ ಆಚೆ ದಡದ ನಾಗಮರೈಗೆ ದೋಣಿಯಲ್ಲಿ ಹೋಗುತ್ತಾರೆ. ಈಚೆ ಸೇಲಂ ಜಿಲ್ಲೆ, ಆಚೆ ಧರ್ಮಪುರಿ ಜಿಲ್ಲೆ. ಈಗ ನೀರು ದೂರದಲ್ಲಿ ಒಂದು ಬೆಳ್ಳಿಯ ಪಟ್ಟಿಯಷ್ಟೆ. ಬಿರುಕುಬಿಟ್ಟ ಕೆರೆಯಂಗಳದಲ್ಲಿ ಆಡುಗಳು ಮೇಯುತ್ತಿದ್ದವು. ತೇವ ಉಳಿದಲ್ಲಿ ರೈತರು ಎಳ್ಳು, ರಾಗಿ ಹಾಕಿದ್ದರು. ಮೀನುಗಾರರ ಹರಿಗೋಲುಗಳು ಬೋರಲು ಬಿದ್ದಿದ್ದವು. ಅಲ್ಲಿ, ಬಯಲ ನಡುವೆ, ಜೋಡಿ ಗೋಪುರದ ಹಳೆಯ ಚರ್ಚು ನಿಂತಿತ್ತು.

ಅಣೆಕಟ್ಟಿಗಾಗಿ ಊರು ಬಿಟ್ಟ ಜನ ಬಿಟ್ಟುಹೋದ ಚರ್ಚು ಅದು. ಊರಿನ ಜಲಕಂಠೇಶ್ವರ ಗುಡಿಯೂ ಹಾಗೆಯೇ ಮುಳುಗಿತು. ನೀರು 80 ಅಡಿಗಿಂತ ಕೆಳಗೆ ಬಂದಾಗ ಗೋಪುರದ ತುದಿ ಕಾಣತೊಡಗುತ್ತದೆ. ಇನ್ನೂ ಇಳಿದರೆ ಗುಡಿಯ ದೊಡ್ಡ ನಂದಿ ಹೊರಬರುತ್ತದೆ. ಜನರಿಗೆ ಅದೇ ಅಳತೆಗೋಲು. ಗೋಪುರ ಕಂಡಿತೆಂದರೆ ನೀರಿನ ಕಷ್ಟ ಬಂತೆಂದು ಅರ್ಥ. ತೊಂಬತ್ತು ವರ್ಷ ಮುಳುಗುತ್ತ ಏಳುತ್ತ ಇದ್ದರೂ ಗೋಡೆ ನಿಂತಿರುವುದನ್ನು ಕಂಡು ಮೇಷ್ಟ್ರು ಸಹ ಪಾಠ ಮರೆತು ಸುಮ್ಮನಾದರು.

ಇಲ್ಲಿಯೂ ನಮ್ಮದು ಕಂಡಕ್ಟರ್‌ನ ಹೆಜ್ಜೆ. ಅರ್ಧ ದಾರಿಯಲ್ಲಿ ಅವನು ಒಂದು ಕಲ್ಲಿನ ಮೇಲೆ ಕುಳಿತ. ಮೇಷ್ಟ್ರೂ ಕುಳಿತರು. “ನೀವಿಬ್ಬರೂ ಹೋಗಿಬನ್ನಿ” ಎಂದರು. ನಿಯಮ ಮುರಿದದ್ದು ಅದೊಂದೇ ಸಲ. ಬೇಕೆಂದೇ ಮುರಿದರೋ ಏನೋ.

ಗೋಪುರದ ನೆರಳಿನಲ್ಲಿ ನಿಂತೆವು. ಕಾಲಕೆಳಗೆ ಬಿಳಿ ಚಿಪ್ಪುಗಳು. ನಾನು ಬೆವರು ಒರೆಸಿಕೊಂಡು, ಅವನ ಮುಖ ನೋಡದೆ, “ಅವತ್ತು ಮನೆಯಲ್ಲಿ ಜಾಗ ಇತ್ತು ಕಣಯ್ಯಾ” ಎಂದೆ.

ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಗೊತ್ತು. ಬಾಗಿಲು ತೆಗೆದಾಗ ಕಂಡಿತ್ತು” ಎಂದ.

ನನಗೆ ಮಾತೇ ಹೊರಡಲಿಲ್ಲ. ಅವನೇ ಮುಂದುವರಿಸಿದ. “ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತೆ. ನಾಲ್ಕೈದು ವರ್ಷ ಇತ್ತು. ನಿನ್ನ ಹೆಸರು ಎತ್ತಿದರೆ ನಮ್ಮ ಮನೆಯವಳು ಎದ್ದು ಒಳಗೆ ಹೋಗುತ್ತಿದ್ದಳು. ಆಮೇಲೆ ನಾನೇ ಯೋಚನೆ ಮಾಡಿದೆ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ? ನಮ್ಮಮ್ಮ, ನನ್ನ ಮಗು, ಹೊರಗೆ ಕಲ್ಲು ಹಿಡಿದವರು... ಇಟ್ಟುಕೊಳ್ಳುತ್ತಿದ್ದೆನೋ ಇಲ್ಲವೋ, ನನಗೇ ಗೊತ್ತಿಲ್ಲ.”

“ಮಿಷನ್ ಏನಾಯಿತು?”

“ಹೂವಿನಜ್ಜಿ ಇಟ್ಟುಕೊಂಡಳು. ಅವಳದು ಒಂದೇ ಕೋಣೆ. ಮಿಷನ್ ಇಟ್ಟು, ಮೇಲೆ ಚಾಪೆ ಹೊದಿಸಿ, ಅದರ ಮೇಲೆ ಹೂವಿನ ಬುಟ್ಟಿ ಇಟ್ಟಳು. ಅವಳು ಮಲಗಿದ್ದು ಹೊಸ್ತಿಲ ಮೇಲೆ.”

ಹೂವಿನಜ್ಜಿ ಮಂಡ್ಯದ ಕಡೆಯವಳು. ಕಾವೇರಿ ನೀರಿನ ಗದ್ದೆಯನ್ನು ಮಾರಿಕೊಂಡು ಪಟ್ಟಣಕ್ಕೆ ಬಂದವಳು. ಚರ್ಚಿನವಳಲ್ಲ. ನಮ್ಮ ಪೀಠಕ್ಕೆ ಹೂವು ಕೊಡುತ್ತಿದ್ದಳು, ಅಷ್ಟೆ.

“ಮತ್ತೆ ಆ ಫ್ರಾಕು? ಮೊದಲೇ ಮುಗಿಸಿದ್ದೆಯಲ್ಲ?” ಎಂದೆ.

“ಎಲ್ಲಿ ಮುಗಿದಿತ್ತು! ತೋಳೇ ಜೋಡಿಸಿರಲಿಲ್ಲ. ಊರು ಬಿಡುವ ಹಿಂದಿನ ರಾತ್ರಿ ಅಜ್ಜಿ ಮನೆಯಲ್ಲಿ ಬುಡ್ಡಿದೀಪ ಇಟ್ಟುಕೊಂಡು ಹೊಲಿದೆ. ಮಗು ಏನು ತಪ್ಪು ಮಾಡಿತ್ತು, ಹೇಳು.”

ಓದುಗರೇ, ಆ ಫ್ರಾಕು ತೊಟ್ಟ ನನ್ನ ಮಗಳ ಫೋಟೋ ನಮ್ಮ ಹಾಲಿನ ಗೋಡೆಯ ಮೇಲೆ ಮೂವತ್ತೆರಡು ವರ್ಷದಿಂದ ಇದೆ. ನಾನು ಬೇಡವೆಂದ ಮಿಷನ್ನಿನಲ್ಲೇ ಅದರ ತೋಳು ಜೋಡಿಸಿದ್ದೆಂದು ನನಗೆ ತಿಳಿದದ್ದು ಆ ಮಧ್ಯಾಹ್ನ. ನಾನು ಪರ್ಸು ತೆಗೆದು, ನಡುಗುವ ಕೈಯಿಂದ 35 ರೂಪಾಯಿ ಎಣಿಸಿದೆ. ಅವನು ನೋಟುಗಳನ್ನು ನೋಡಿ, “ಬಡ್ಡಿ?” ಎಂದ. ಇಬ್ಬರಿಗೂ ಒಟ್ಟಿಗೆ ನಗು ಬಂತು. ನಗುವಿನ ಜೊತೆ ಇನ್ನೇನೋ ಬಂತು. ಇಬ್ಬರೂ ಅತ್ತಿತ್ತ ತಿರುಗಿಕೊಂಡು ಕನ್ನಡಕ ಒರೆಸಿಕೊಂಡೆವು. ಬಡ್ಡಿಯ ಲೆಕ್ಕದಲ್ಲಿ ಎಲ್ಲರಿಗೂ ಮೆಟ್ಟೂರಿನ ಮೀನು ಫ್ರೈ ಕೊಡಿಸಬೇಕೆಂದು ತೀರ್ಮಾನವಾಯಿತು. ಕಂಡಕ್ಟರ್ ಎರಡು ತಟ್ಟೆ ತಿಂದ.

ಕಾಣಿಕೆ ಹೊತ್ತು ಪೀಠದ ಬಳಿ ಬಂದಾಗ ಸೋದರನ ಮನಸ್ತಾಪ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಬಳಿಗೆ ಹೋಗೆಂದು ಯೇಸುಸ್ವಾಮಿ ಹೇಳಿದ್ದನ್ನು ನಾವೆಲ್ಲ ಎಷ್ಟು ಸಲ ಕೇಳಿಲ್ಲ! ನಾನು ಮೂವತ್ತೆರಡು ವರ್ಷ ಪ್ರತಿ ಭಾನುವಾರ ಕಾಣಿಕೆ ಹಾಕಿದೆ, ಗಾನವೃಂದದಲ್ಲಿ ಹಾಡಿದೆ. ಹೋಗಬೇಕಾಗಿದ್ದ ದಾರಿ ಮಾತ್ರ ಇನ್ನೂರು ಕಿಲೋಮೀಟರ್. ಒಂದು ಹಗಲಿನ ರೈಲು ಪ್ರಯಾಣ.

ಕಾವೇರಿಯ ಲೆಕ್ಕ ಕೋರ್ಟುಗಳು ಮಾಡಿವೆ. ನ್ಯಾಯಮಂಡಳಿಯ ಅಂತಿಮ ತೀರ್ಪು 2007ರಲ್ಲಿ ಬಂತು. 2018ರಲ್ಲಿ ಸುಪ್ರೀಂ ಕೋರ್ಟು ಬಿಳಿಗುಂಡ್ಲುವಿನಲ್ಲಿ ಅಳೆದು 177.25 ಟಿಎಂಸಿ ಬಿಡಬೇಕೆಂದಿತು. ಅದು ಸರಿಯೋ ತಪ್ಪೋ ಎಂದು ವಾದ ಮಾಡಲು ತಿಳಿದವರಿದ್ದಾರೆ. ಮಳೆ ಇಲ್ಲದ ವರ್ಷ ಮಂಡ್ಯದ ರೈತನ ಕಣ್ಣೀರೂ ನಿಜ, ತಂಜಾವೂರಿನವನದೂ ನಿಜ. ಆದರೆ ಬಾಗಿಲು ತಟ್ಟಿದ ನೆರೆಯವನಿಗೆ ಎಷ್ಟು ಜಾಗ ಬಿಡಬೇಕೆಂದು ಯಾವ ಕೋರ್ಟೂ ಹೇಳುವುದಿಲ್ಲ. ಅದನ್ನು ನಾವೇ, ಆ ರಾತ್ರಿಯೇ, ಬಾಗಿಲಲ್ಲಿ ನಿಂತೇ ತೀರ್ಮಾನಿಸಬೇಕು. ಒಂದು ಕೋಣೆಯ ಹೂವಿನಜ್ಜಿ ತೀರ್ಮಾನಿಸಿದಳು. ಅವಳು ತೀರಿಕೊಂಡು ಬಹಳ ವರ್ಷಗಳಾದವು. ಅವಳಿಗೆ ನಾನೊಂದು ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ.

ಆ ವರ್ಷ ವಾಡಿಕೆಯಂತೆ ಜೂನ್ 12ಕ್ಕೆ ಮೆಟ್ಟೂರಿನಿಂದ ಗದ್ದೆಗಳಿಗೆ ನೀರು ಬಿಡಲಾಗಲಿಲ್ಲ, ಇರಲಿಲ್ಲವಲ್ಲ. ಜುಲೈನಲ್ಲಿ ಕೊಡಗಿನಲ್ಲಿ, ವಯನಾಡಿನಲ್ಲಿ ಮಳೆ ಹಿಡಿಯಿತು. ಕಬಿನಿ ತುಂಬಿತು, ಕನ್ನಂಬಾಡಿ ತುಂಬಿತು. ಜುಲೈ ಕೊನೆಯ ಹೊತ್ತಿಗೆ ಮೆಟ್ಟೂರೂ 120 ಅಡಿ ಮುಟ್ಟಿತು. ಅಂದು ರಾತ್ರಿ ಫೋನು ಬಂತು.

“ಗೋಪುರ ಮುಳುಗಿತು ಕಣಯ್ಯಾ.”

“ಒಳ್ಳೆಯದಾಯಿತು ಬಿಡು” ಎಂದೆ.

“ಕ್ರಿಸ್ಮಸ್‌ಗೆ ಬರುತ್ತೇವೆ, ಇಬ್ಬರೂ. ನಮ್ಮ ಮನೆಯವಳೇ ಹೇಳಿದಳು. ಮಲಗೋಕೆ ಜಾಗ ಇದೆಯೇನಯ್ಯಾ?”

“ಇದೆ” ಎಂದೆ. ಪಕ್ಕದಲ್ಲಿದ್ದ ನಮ್ಮ ಮನೆಯವರು ಫೋನು ಕಿತ್ತುಕೊಂಡು ಇನ್ನೂ ಜೋರಾಗಿ, “ಇದೆ ಬನ್ನಿ ಅಣ್ಣಾ” ಎಂದರು.